ಕಿತ್ತಳೆ ಹಣ್ಣು ನಡೆಸಿದ ದೋಣಿ

ತಲವೀಕಾ, ಫ್ಲಾರಿಡಾ
9 ಜನವರಿ 1996

ಅಕ್ಕಾ,

ಮಂಡಿ ನೋವೊಂದು ಬಿಟ್ಟರೆ ನಾನು ಕ್ಷೇಮ. ಫೋನಿನಲ್ಲಿ ಊರಿನ ಸುದ್ದಿ ಎತ್ತಿದ ಕೂಡಲೇ ನೀನು ‘ಒಲೆ ಮೇಲೆ ಏನೋ ಇಟ್ಟಿದೀನಿ’ ಎಂದು ಇಟ್ಟುಬಿಡುತ್ತೀಯ. ಆ ಡೆಟ್ರಾಯಿಟ್‌ನಲ್ಲಿ ನಿನ್ನ ಒಲೆ ಆರುವುದೇ ಇಲ್ಲವೇನೋ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ಕೆರೆಯಂಥ ನಮ್ಮ ಬುಗ್ಗೆಯ ಹತ್ತಿರದ ಹಳೇ ಟಿಕೆಟ್ ಮನೆಗೆ ಬಣ್ಣ ಹೊಡೆದು ಮ್ಯೂಸಿಯಂ ಮಾಡುತ್ತಿದ್ದಾರೆ. ಹೆಸರು ‘ಬಿಸಿಲ ನಾಡಿನ ಸವಿನೆನಪು’. ಯಾರ ಬಾಯಿಗೆ ಸವಿ ಎಂದು ಬೋರ್ಡಿನಲ್ಲಿ ಬರೆದಿಲ್ಲ. ಹಳೆಯ ಪಿಕ್ಚರ್ ಕಾರ್ಡುಗಳೇ ಅಲ್ಲಿನ ಬಂಡವಾಳ. ಮೊಸಳೆಯ ಬಾಯಿಗೆ ತಲೆ ಕೊಟ್ಟವನು, ಗುಲಾಬಿ ಕೊಕ್ಕರೆಗಳು, ಹಿಮದಲ್ಲಿ ನಡುಗುವ ನೆಂಟರ ಹೊಟ್ಟೆ ಉರಿಸಲು ಜನವರಿಯಲ್ಲಿ ಕಳಿಸುತ್ತಿದ್ದ ಈಜುಡುಗೆಯ ಹುಡುಗಿಯರು. ಅದರಲ್ಲಿ ಒಂದು ಕಾರ್ಡನ್ನು ಇಡೀ ಗೋಡೆಯಷ್ಟು ದೊಡ್ಡದು ಮಾಡಿ ಅಂಟಿಸುತ್ತಾರಂತೆ. ಯಾವುದು ಹೇಳು? ಅಪ್ಪನ ದೋಣಿಯದು.

ಈ ಕಾರ್ಡು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಗಾಜಿನ ತಳದ ದೋಣಿ, ಬಗ್ಗಿ ನೀರೊಳಗಿನ ಮೀನು ನೋಡುವ ಬಿಳಿಯ ಹುಡುಗಿಯರು, ಯಾವ ದೇವರೂ ಬಳಿಯದ ನೀಲಿ ಆಕಾಶ, ಮುಂದುಗಡೆ ಚುಕ್ಕಾಣಿಯ ಚಕ್ರ. ಚಕ್ರದ ಹಿಂದೆ ಯಾರೂ ಇಲ್ಲ. ಚಕ್ರದ ಮೇಲೆ ಮಾತ್ರ ಒಂದು ಕಿತ್ತಳೆ ಹಣ್ಣು ಕೂತಿದೆ. ಆ ಬುಗ್ಗೆಯಲ್ಲಿ ದೋಣಿ ನಡೆಸಿದವರೆಲ್ಲ ನಮ್ಮ ಕರಿಯ ಜನ, ಒಬ್ಬ ಬಿಳಿಯನೂ ಇರಲಿಲ್ಲ. ಹತ್ತಿ ಕೂರುವವರೆಲ್ಲ ಬಿಳಿಯರು, ಒಬ್ಬ ಕರಿಯನೂ ಇರಲಿಲ್ಲ. ಅಪ್ಪ ಅಷ್ಟು ವರ್ಷ ಮಂದಿಗೆ ಆ ನೀರು ತೋರಿಸಿದರು, ಅವರ ಮಕ್ಕಳಾದ ನಾವು ಅದಕ್ಕೆ ಕಾಲು ಅದ್ದುವ ಹಾಗಿರಲಿಲ್ಲ. ಕಡೆಗೆ ಕಾರ್ಡಿನಲ್ಲೂ ಅವರಿಗೆ ಜಾಗ ಇಲ್ಲ.

ಹೋದ ವಾರ ಮ್ಯೂಸಿಯಮ್ಮಿನ ಮೇಲಧಿಕಾರಿ ಮಿಸ್ ಟ್ರೆಂಟ್ ಮನೆಗೇ ಬಂದಿದ್ದಳು. ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹಾಗಿದ್ದಾಳೆ. ನಾನು ಮಾಡಿದ ಗೆಣಸಿನ ಕಡುಬು ಎರಡು ಸಲ ಹಾಕಿಸಿಕೊಂಡು ತಿಂದಳು. ‘ಮಿಸ್ ಕ್ಲಿಯೋಟಾ, ಈ ಕಿತ್ತಳೆ ಯಾಕೆ ಇಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ನಿಮ್ಗೆ ಗೊತ್ತಾ?’ ಎಂದಳು. ನಾನು ಹೇಳಿದೆ: ‘ಕಿತ್ತಳೆ ಕೇಳ್ಬೇಡಮ್ಮ, ದೋಣಿ ನಡ್ಸೋನು ಎಲ್ಲಿ ಅಂತ ಕೇಳು. ನಮ್ಮಪ್ಪ ಎಲ್ಕಾನಾ ಸ್ಟೋಕ್ಸ್ ಅಲ್ಲಿ ನಿಂತಿದ್ರು. ಕಾರ್ಡು ಅಚ್ಚು ಹಾಕೋಕೆ ಫೋಟೋ ಚಿಕಾಗೋಗೆ ಹೋಯ್ತು, ಅಲ್ಲಿ ಬಣ್ಣ ಹಾಕೋನು ಅವರನ್ನ ಅಳಿಸಿ ಆಕಾಶ ಬಳಿದ.’ ಹುಡುಗಿ ತಟ್ಟೆ ಪಕ್ಕಕ್ಕಿಟ್ಟು ಎಲ್ಲ ಬರೆದುಕೊಂಡಳು. ಚಿಕಾಗೋದ ಆ ಅಚ್ಚುಮನೆಯವರ ಹತ್ತಿರ ಹಳೇ ಫೋಟೋಗಳು ಇನ್ನೂ ಇವೆಯಂತೆ, ತರಿಸುತ್ತಾಳಂತೆ. ಅದರಲ್ಲಿ ಅಪ್ಪ ಇದ್ದರೆ ಗೋಡೆಯ ಮೇಲೆ ಅಪ್ಪನನ್ನು ವಾಪಸ್ ನಿಲ್ಲಿಸಿ, ಕೆಳಗೆ ಅವರ ಹೆಸರು ಹಾಕಿಸುತ್ತಾಳಂತೆ.

ಇನ್ನೇನು ಬೇಕು ನಮಗೆ? ಮಾರ್ಚ್ 23ನೇ ಶನಿವಾರ ಉದ್ಘಾಟನೆ. ನೀನು ಬರಬೇಕು. ಹಿರಿಯ ಮಗಳು ನೀನು, ಟೇಪು ಕತ್ತರಿಸುವ ಕತ್ತರಿ ನಿನ್ನ ಕೈಯಲ್ಲೇ ಇರಬೇಕು.

ಕಡುಬು ಮಾಡಿಟ್ಟಿರುತ್ತೇನೆ.

ಕ್ಲಿಯೋಟಾ


ಡೆಟ್ರಾಯಿಟ್
18 ಜನವರಿ 1996

ಕ್ಲಿಯೋಟಾ,

ನಿನ್ನ ಕಾಗದ ತಲುಪಿತು. ಇಲ್ಲಿ ಕಿಟಕಿಯವರೆಗೆ ಹಿಮ ಬಿದ್ದಿದೆ, ಕಾಲು ಹಿಡಿದುಕೊಂಡಿದೆ, ನಾನು ಬರುವುದಿಲ್ಲ. ಕಾಲು ಸರಿಯಿದ್ದರೂ ಬರುತ್ತಿರಲಿಲ್ಲ. ಆ ಬುಗ್ಗೆಯ ದಡದಲ್ಲಿ ನಿಂತು ನಾನು ಟೇಪು ಕತ್ತರಿಸುವುದಿಲ್ಲ. ಅಲ್ಲಿ ಕತ್ತರಿಸಬೇಕಾದದ್ದು ಬೇರೆ ತುಂಬಾ ಇತ್ತು, ಆಗ ಯಾರೂ ಕತ್ತರಿ ಕೊಡಲಿಲ್ಲ.

ಅವರ ಸವಿನೆನಪು ಅವರೇ ಚೀಪಿಕೊಳ್ಳಲಿ. ಅಪ್ಪ ಈಗ ಮಣ್ಣಿನಲ್ಲಿ ತಣ್ಣಗಿದ್ದಾರೆ, ಅವರಿಗೆ ಯಾರ ಗೋಡೆಯೂ ಬೇಕಿಲ್ಲ. ಚಿಕಾಗೋದಿಂದ ಏನನ್ನೂ ತರಿಸುವುದು ಬೇಡ ಎಂದು ಆ ಹುಡುಗಿಗೆ ಹೇಳು. ಆ ಕಿತ್ತಳೆಯ ಸುದ್ದಿಯನ್ನಂತೂ ಎತ್ತಲೇಬೇಡ.

ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು.

ಆರ್ಡೇಲಿಯಾ


ತಲವೀಕಾ
2 ಫೆಬ್ರವರಿ 1996

ಡೆಟ್ರಾಯಿಟ್ ಮಹಾರಾಣಿಯವರಿಗೆ,

ಹರಳೆಣ್ಣೆಯಂತೆ! ಹದಿನೆಂಟು ತುಂಬುತ್ತಲೇ ಬಸ್ಸು ಹತ್ತಿದವಳು ನೀನು. ಅಮ್ಮನ ಸಂಸ್ಕಾರಕ್ಕೆ ಕೈಗೆ ಕಪ್ಪು ಗವಸು ಹಾಕಿಕೊಂಡು ಬಂದೆ, ಆ ಗವಸು ಬಿಚ್ಚದೆಯೇ ವಾಪಸ್ ಹೋದೆ. ಅಪ್ಪನಿಗೆ ಒಂದು ಕ್ರಿಸ್ಮಸ್ಸಿಗೆ ಉಣ್ಣೆಯ ದಪ್ಪ ಕೋಟು ಕಳಿಸಿದ್ದೆ, ನೆನಪಿದೆಯೇ? ಫ್ಲಾರಿಡಾದಲ್ಲಿ! ಅಪ್ಪ ಅದನ್ನು ಹಾಕಿಕೊಂಡು ವರಾಂಡದಲ್ಲಿ ಬೆವರು ಸುರಿಸುತ್ತ ಕೂತಿದ್ದರು. ‘ಬಿಚ್ಚಪ್ಪ’ ಎಂದರೆ ‘ದೊಡ್ಡವಳು ಕಳ್ಸಿದಾಳೆ ಕಣೇ, ಒಂದ್ ಗಳಿಗೆ ಇರ್ಲಿ’ ಎಂದರು. ಅಂಥವರಿಗೆ ಗೋಡೆ ಬೇಕಿಲ್ಲ ಎಂದು ಹಿಮದಲ್ಲಿ ಕೂತು ನೀನು ತೀರ್ಮಾನ ಮಾಡುತ್ತೀಯ.

ನಾನು ಈ ಊರಿನಲ್ಲೇ ಉಳಿದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತ ಮೊದಲ ಕರಿಯ ಹೆಂಗಸು ನಾನೇ. ಕೂತು ಮಾಡಿದ್ದೇನು? ಆ ದರಿದ್ರ ಕಾರ್ಡಿಗೆ ಮೊಹರು ಕುಟ್ಟಿದ್ದು. ಪ್ರತಿ ಚಳಿಗಾಲ ಚೀಲಗಟ್ಟಲೆ ಬರುತ್ತಿತ್ತು. ಅಪ್ಪನಿಲ್ಲದ ಅಪ್ಪನ ದೋಣಿ, ಹಿಂದುಗಡೆ ‘ಇಲ್ಲಿ ಸ್ವರ್ಗ, ನೀವೂ ಇರಬೇಕಿತ್ತು’. ನಿವೃತ್ತಿಯ ದಿನ ಅವರು ಗಡಿಯಾರ ಕೊಡಲು ಬಂದರು, ನಾನು ಬೇಡವೆಂದು ನನ್ನ ಇಂಕ್ ಪ್ಯಾಡನ್ನೇ ಕೇಳಿ ತಂದುಕೊಂಡೆ. ಹಂಚಿನಷ್ಟು ಅಗಲ ಇದೆ. ನಾನು ದುಡಿದದ್ದಕ್ಕೆ ಅದೊಂದೇ ಸಾಕ್ಷಿ.

ಅಪ್ಪ ಆ ಕಾರ್ಡನ್ನು ಮನೆಗೆ ತಂದ ದಿನ ನೆನಪಿದೆಯೇ? ಊಟದ ಹೊತ್ತು, ಕರಿದ ಮೀನು, ಜೋಳದ ರೊಟ್ಟಿ. ಅಮ್ಮ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ‘ನೀವೆಲ್ಲಿ?’ ಎಂದಳು. ಅಪ್ಪ ಏನೆಂದರು? ‘ಏನ್ ಮಾಡ್ತೀಯ, ಚಿಕಾಗೋದವನ ಹತ್ರ ಕಂದು ಬಣ್ಣ ಮುಗ್ದೋಗಿತ್ತಂತೆ!’ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀನೊಬ್ಬಳು ತಟ್ಟೆ ಬಿಟ್ಟು ಎದ್ದು ಹೋದೆ. ಆಗಲೇ ನಿನಗೆ ನಮ್ಮ ನಗು ಸೇರುತ್ತಿರಲಿಲ್ಲ. ಕಾರ್ಡು ನೋಡಿ ಬಂದ ಪ್ರವಾಸಿಗರು ‘ಕಿತ್ತಳೆ ಎಲ್ಲಿ, ಕಿತ್ತಳೆ ಎಲ್ಲಿ’ ಎಂದು ಕೇಳತೊಡಗಿದಾಗ ಬುಗ್ಗೆಯ ಮಾಲೀಕ ಲಾಫ್ಟನ್ ಅಪ್ಪನ ಚಕ್ರಕ್ಕೆ ಒಂದು ಮೊಳೆ ಹೊಡೆಸಿದ. ದಿನಾ ಬೆಳಗ್ಗೆ ಅಪ್ಪನೇ ಅದಕ್ಕೆ ಹೊಸ ಹಣ್ಣು ಚುಚ್ಚಬೇಕು. ಕಿತ್ತಳೆಯ ನಾಡಿನಲ್ಲಿ ಕಿತ್ತಳೆ ಬಾರದ ಮನೆ ನಮ್ಮದೊಂದೇ, ಅಪ್ಪ ಒಳಗೆ ತರಲು ಬಿಡುತ್ತಿರಲಿಲ್ಲ. ದಿನವೆಲ್ಲ ಕೈಗೆ ಅದೇ ವಾಸನೆ, ಸಾಕಾಗಿದೆ ಎನ್ನುತ್ತಿದ್ದರು.

ಆದರೂ ಅವರ ದನಿ ಸೋಲಲಿಲ್ಲ. ದೋಣಿ ಬಿಡುವಾಗ ಅವರು ಕೂಗುತ್ತಿದ್ದದ್ದು ಬೇಲಿಯಾಚೆ ನಿಂತ ನಮಗೂ ಕೇಳುತ್ತಿತ್ತು: ‘ಎಡಗಡೆ ಆಮೆ, ಬಲಗಡೆ ಮೀನು, ಮೇಲ್ಗಡೆ ನೀವು, ನಡ್ಸೋನು ನಾನು!’

ಮಿಸ್ ಟ್ರೆಂಟ್ ಚಿಕಾಗೋಗೆ ಬರೆದಾಗಿದೆ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಎಲ್ಲರೆದುರು ಅಪ್ಪನ ಹೆಸರು ಹೇಳಿದರು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನೀನು ಬರದಿದ್ದರೆ ಬಿಡು. ಅಡ್ಡಗಾಲು ಹಾಕಬೇಡ.

ಕ್ಲಿಯೋಟಾ


(ಡೆಟ್ರಾಯಿಟ್ ನದಿಯ ಸೇತುವೆಯ ಚಿತ್ರವಿರುವ ಕಾರ್ಡು)
8 ಫೆಬ್ರವರಿ 1996

ಕ್ಲಿಯೋ, ನಿನ್ನ ದಮ್ಮಯ್ಯ, ಆ ಫೋಟೋ ಬರುವುದನ್ನು ತಡೆ. ಯಾಕೆಂದು ಕೇಳಬೇಡ. ನನ್ನನ್ನು ಎಷ್ಟು ಬೇಕಾದರೂ ಬೈ.
ಆ.


ತಲವೀಕಾ
27 ಫೆಬ್ರವರಿ 1996

ಆರ್ಡೇಲಿಯಾ,

ಅಕ್ಕ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಫೋಟೋ ಬಂತು. ಮಿಸ್ ಟ್ರೆಂಟ್ ಕರೆದಳು, ನಾನು ನೀಲಿ ಟೋಪಿ ಹಾಕಿಕೊಂಡು, ಪಾದ್ರಿಗಳನ್ನೂ ಜೊತೆಗೆ ಕರೆದುಕೊಂಡು ಮೆರವಣಿಗೆ ಹೊರಟ ಹಾಗೆ ಹೋದೆ. ಮೇಜಿನ ಮೇಲೆ ಫೋಟೋ ಇಟ್ಟಿದ್ದಳು. ಕಪ್ಪು ಬಿಳುಪು. ಅದೇ ದೋಣಿ, ಅದೇ ಹುಡುಗಿಯರು, ಅದೇ ಚಕ್ರ. ಚಕ್ರದ ಹಿಂದೆ ಯಾರೂ ಇಲ್ಲ. ಮರಗಳು, ನೀರು, ಅಷ್ಟೇ. ಯಾರನ್ನೂ ಅಳಿಸಿಲ್ಲ. ಅಳಿಸಲು ಅಲ್ಲಿ ಯಾರೂ ಇರಲೇ ಇಲ್ಲ.

ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಮಿಸ್ ಟ್ರೆಂಟ್ ನನ್ನ ಕೈ ಮೇಲೆ ಕೈ ಇಟ್ಟು, ಜ್ವರ ಬಂದ ಮಗುವಿನ ಜೊತೆ ಮಾತಾಡುವ ಹಾಗೆ, ‘ನೆನಪು ಅನ್ನೋದು ಹಂಗೇ ಮಿಸ್ ಕ್ಲಿಯೋಟಾ, ನಮ್ಗೆ ಏನು ಬೇಕೋ ಅದನ್ನೇ ಇಟ್ಕೊಳತ್ತೆ. ನಿಮ್ ತಂದೆಯವರು ಆ ದಿನ ರಜದಲ್ಲಿ ಇದ್ರೇನೋ’ ಎಂದಳು.

‘ಕಿತ್ತಳೆ ಇರೋ ಕಡೆ ಅದೇನದು ಕಪ್ಪಗೆ?’ ಎಂದು ನಾನು ಕೇಳಿದೆ. ನನಗೆ ಇನ್ನೇನೂ ಕೇಳಲು ಉಳಿದಿರಲಿಲ್ಲ.

‘ಒರೆಸೋ ಬಟ್ಟೆ ಇರ್ಬೇಕು. ಬಣ್ಣ ಹಾಕೋರಿಗೆ ಗೊತ್ತಾಗಿರಲ್ಲ. ಅವರು ಫ್ಲಾರಿಡಾ ನೋಡಿದೋರೇ ಅಲ್ಲ, ಏನು ಅಂತ ತಿಳೀದೆ ಇದ್ದಿದ್ದಕ್ಕೆಲ್ಲ ಕಿತ್ತಳೆ ಬರೆಯೋರು’ ಎಂದು ನಕ್ಕಳು. ಅಪ್ಪನ ಹೆಸರು ಇನ್ನು ಗೋಡೆಯ ಮೇಲೆ ಬರುವುದಿಲ್ಲ. ಉದ್ಘಾಟನೆಯಲ್ಲಿ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿಯಂತೆ, ‘ಈ ಕಾರ್ಡುಗಳಿಗೆ ಮೊಹರು ಹಾಕಿದ ಅಜ್ಜಿ’ ಎಂದು.

ಈಗ ಊರೆಲ್ಲ ಗುಸುಗುಸು. ಎಲ್ಕಾನಾ ಸ್ಟೋಕ್ಸ್ ಬೊಗಳೆ ಬಿಟ್ಟಿದ್ದ, ಮಗಳು ಅದನ್ನೇ ನಂಬಿಕೊಂಡು ಕುಣಿದಳು ಎಂದು. ಮುಖದ ಮೇಲೆ ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ನನ್ನನ್ನು ಮುಂದೆ ಬಿಡುತ್ತಾರೆ, ಚೀಲ ಎತ್ತಿಕೊಡುತ್ತಾರೆ. ಆ ಕನಿಕರಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ನಿನಗೆ ಗೊತ್ತಿತ್ತು. ಆ ಫೋಟೋದಲ್ಲಿ ಅಪ್ಪ ಇಲ್ಲ ಎಂದು ನಿನಗೆ ಮೊದಲೇ ಗೊತ್ತಿತ್ತು. ಅಪ್ಪ ನಮಗೆ ಸುಳ್ಳು ಹೇಳಿದರೇ? ಅವರು ಅಲ್ಲಿ ಇರಲೇ ಇಲ್ಲವೇ? ಇರುವುದನ್ನು ಹೇಳು, ಇಲ್ಲದಿದ್ದರೆ ಇನ್ನು ಮುಂದೆ ಈ ವಿಳಾಸಕ್ಕೆ ಕಾಗದ ಹಾಕಬೇಡ.

ಕ್ಲಿಯೋಟಾ ಸ್ಟೋಕ್ಸ್


ಡೆಟ್ರಾಯಿಟ್
6 ಮಾರ್ಚ್ 1996

ಕ್ಲಿಯೋ,

ಅಪ್ಪ ಅಲ್ಲಿದ್ದರು. ಆ ಫೋಟೋದಲ್ಲೇ ಇದ್ದಾರೆ. ನಿನ್ನ ಕಣ್ಣೆದುರೇ ಇದ್ದರು.

ಆ ವರ್ಷ ನಾನು ಬುಗ್ಗೆಯ ಬಟ್ಟೆಮನೆಯಲ್ಲಿ ಟವೆಲ್ ಒಗೆಯುತ್ತಿದ್ದೆ. ಹಗ್ಗದ ಮೇಲೆ ಹರವಿದ ಟವೆಲ್‌ಗಳ ಸಂದಿಯಿಂದ ಕೆಳಗಿನ ದೋಣಿಕಟ್ಟೆ ಪೂರ್ತಿ ಕಾಣುತ್ತಿತ್ತು. ಫೋಟೋದವನು ಬಂದ ದಿನ ಅಪ್ಪ ಗಂಜಿ ಹಾಕಿದ ಬಿಳಿ ಸಮವಸ್ತ್ರ, ಕ್ಯಾಪ್ಟನ್ ಟೋಪಿ ಹಾಕಿಕೊಂಡಿದ್ದರು. ಬೆಳಗ್ಗೆ ಅಮ್ಮ ಇಸ್ತ್ರಿ ಮಾಡುವಾಗ ‘ಇವತ್ತು ಪಟ ತೆಗೀತಾರೆ ಕಣೇ, ಗೆರೆ ಚೂಪಾಗಿ ಬರ್ಲಿ’ ಎಂದಿದ್ದರು. ಹುಡುಗಿಯರು ಹತ್ತಿದರು. ಫೋಟೋದವನು ಲಾಫ್ಟನ್ನನ ಕಿವಿಯಲ್ಲಿ ಏನೋ ಹೇಳಿದ. ಲಾಫ್ಟನ್ ಕಟ್ಟೆಯ ಮೇಲಿನಿಂದ ಕೂಗಿದ: ‘ಏ ಎಲ್ಕಾನಾ, ನೀನು ಇಳಿದ್ಬಿಡಪ್ಪ ಅತ್ಲಾಗೆ.’

ಅಪ್ಪ ಇಳಿದರು. ಆದರೆ ಹಿಡಿಯುವವರಿಲ್ಲದೆ ದೋಣಿ ಬುಗ್ಗೆಯ ಸೆಳೆತಕ್ಕೆ ತಿರುಗಿಹೋಗುತ್ತಿತ್ತು, ಹುಡುಗಿಯರ ಮುಖ ನೆರಳಿಗೆ ಬೀಳುತ್ತಿತ್ತು. ಕಟ್ಟಿ ಹಾಕಿದರೆ ಹಗ್ಗ ಕಾಣುತ್ತಿತ್ತು. ಒಂದೆರಡು ಸಲ ನೋಡಿ ಲಾಫ್ಟನ್ ಮತ್ತೆ ಕರೆದ. ‘ಹತ್ತು. ಹತ್ತಿ ಕೆಳಗೆ ಮಲ್ಕೋ. ಅಲ್ಲಿಂದಾನೇ ಹಿಡ್ಕೋ.’

ಅಪ್ಪ ‘ಸಾರ್?’ ಎಂದರು.

‘ಜನ ಇಲ್ಲಿಗೆ ಖುಷಿಯಾಗಿರೋಕೆ ಬರ್ತಾರೆ ಎಲ್ಕಾನಾ, ನಿನ್ ಮುಖ ನೋಡೋಕಲ್ಲ. ಮಲ್ಕೋ.’

ನಮ್ಮಪ್ಪ ಮಲಗಿದರು ಕ್ಲಿಯೋ. ಇಸ್ತ್ರಿಯ ಗೆರೆ ಮುರಿಯದ ಬಟ್ಟೆಯಲ್ಲಿ, ದೋಣಿಯ ಅಂಚಿನ ಮರೆಯಲ್ಲಿ, ಚಕ್ರದ ಬುಡದ ಒದ್ದೆ ಹಲಗೆಯ ಮೇಲೆ ಅಂಗಾತ ಮಲಗಿದರು. ಆರಡಿ ಆಳು. ಟೋಪಿ ತೆಗೆದು ಎದೆಯ ಮೇಲೆ ಇಟ್ಟುಕೊಂಡರು. ಒಂದು ಕೈ ಮಾತ್ರ ಮೇಲೆತ್ತಿ ಚಕ್ರ ಹಿಡಿದರು. ಸುತ್ತ ಈಜುಡುಗೆಯ ಬಿಳಿ ಹುಡುಗಿಯರ ಕಾಲುಗಳು. ಆ ಕಾಲದಲ್ಲಿ ನಮ್ಮ ಗಂಡಸೊಬ್ಬ ಅವರ ಕಾಲ ಬುಡದಲ್ಲಿ ಮಲಗಿ ಮೇಲೆ ನೋಡಿದ ಎಂದು ಒಬ್ಬಳು ಬಾಯಿ ಬಿಟ್ಟಿದ್ದರೂ ಅವರ ಹೆಣ ಮನೆಗೆ ಬರುತ್ತಿತ್ತು. ಅದು ಅಪ್ಪನಿಗೆ ಗೊತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು. ಸುಮ್ಮನೆ ಅಲ್ಲ, ಮುಖ ಹಿಂಡಿಕೊಂಡು, ದೂರದಿಂದ ನೋಡಿದವರಿಗೂ ಮುಚ್ಚಿದೆ ಎಂದು ತಿಳಿಯುವ ಹಾಗೆ. ಫೋಟೋದವನಿಗೆ ತೃಪ್ತಿಯಾಗುವವರೆಗೆ ಆ ದೋಣಿಯನ್ನು ಅಪ್ಪ ಕಣ್ಣು ಮುಚ್ಚಿಕೊಂಡೇ ನಡೆಸಿದರು. ಒಂದು ಕಲ್ಲಿಗೂ ತಾಗಲಿಲ್ಲ. ಹುಡುಗಿಯೊಬ್ಬಳು ‘ಅಯ್ಯೋ, ನಾವ್ ತುಳಿದ್ಬಿಟ್ಟೇವು!’ ಎಂದಳು, ಎಲ್ಲರೂ ನಕ್ಕರು. ಕಾರ್ಡಿನಲ್ಲಿ ಅವರು ನಗುತ್ತಿದ್ದಾರಲ್ಲ, ಮೀನು ನೋಡಿ ಅಲ್ಲ.

ಚಿಕಾಗೋದ ಬಣ್ಣದವನು ಕಿತ್ತಳೆ ಮಾಡಿದ್ದು ಅಪ್ಪನ ಕೈಯನ್ನು.

ಅವರು ಇಳಿಯುವಾಗ ಟವೆಲ್ ಹಿಂದೆ ನನ್ನನ್ನು ಕಂಡರು. ಬೆನ್ನೆಲ್ಲ ನೀರು. ಹತ್ತಿರ ಬಂದು ‘ಮನೇಲಿ ನಾನೇನ್ ಹೇಳ್ತೀನೋ ಅದೇ ನಡೀಲಿ ಕಣಮ್ಮ. ನಿಮ್ಮಮ್ಮನ ಮುಂದೆ ನಾನು ನಿಂತೇ ಇದ್ದೆ’ ಎಂದರು. ನಾನು ಆಗಲಿ ಎಂದೆ. ಆಮೇಲೆ ಆ ಕಾರ್ಡು ಬಂತು, ಕಂದು ಬಣ್ಣ ಮುಗಿದ ತಮಾಷೆ ಬಂತು, ನೀವೆಲ್ಲ ನಕ್ಕಿರಿ. ನಾನು ಊಟ ಬಿಟ್ಟು ಎದ್ದೆ. ನಿಮ್ಮ ನಗು ಸೇರದೆ ಅಲ್ಲ. ಅಪ್ಪ ನನ್ನನ್ನೇ ನೋಡುತ್ತ ನಗುತ್ತಿದ್ದರು.

ನನಗೆ ಲಾಫ್ಟನ್ ಮೇಲೆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚು ಅಪ್ಪನ ಮೇಲೆ. ಯಾಕೆ ಮಲಗಿದಿರಿ, ಯಾಕೆ ಆ ಮೊಳೆಗೆ ದಿನಾ ಹಣ್ಣು ಚುಚ್ಚಿದಿರಿ ಎಂದು ಒಂದು ಸಲವಾದರೂ ಕೇಳಬೇಕಿತ್ತು. ಕೇಳದೆ ಬಸ್ಸು ಹತ್ತಿದೆ. ಆ ಸಿಟ್ಟು ಇಲ್ಲಿಯ ಹಿಮದಲ್ಲೂ ಆರಲಿಲ್ಲ. ಅವರ ಮಾತನ್ನು ಮಾತ್ರ ಉಳಿಸಿದ್ದೆ. ಈಗ ಅದನ್ನೂ ಮುರಿದೆ. ಊರು ಅವರನ್ನು ಸುಳ್ಳುಗಾರ ಎನ್ನುವುದನ್ನು ಕೇಳಿಕೊಂಡು ನಾನು ಕೂರಲಾರೆ.

ಭೂತಗನ್ನಡಿ ತೆಗೆದುಕೊಂಡು ಹೋಗು. ಕಿರುಬೆರಳು ನೋಡು.

ಅಕ್ಕ


ತಲವೀಕಾ
25 ಮಾರ್ಚ್ 1996

ಅಕ್ಕಾ,

ನಿನ್ನ ಕಾಗದ ಓದಿ ಒಂದು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಿನ್ನ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು, ಆ ದಿನ ಊಟದ ಮೇಜಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ ನನ್ನ ಮೇಲೂ ಸಿಟ್ಟು. ಆಮೇಲೆ ಎದ್ದೆ. ಸಿಟ್ಟನ್ನು ಮನೆಮಂದಿಯ ಮೇಲೆ ಖರ್ಚು ಮಾಡಿದರೆ ಕೊಡಬೇಕಾದವರಿಗೆ ಕೊಡಲು ಏನೂ ಉಳಿಯುವುದಿಲ್ಲ ಅನ್ನಿಸಿತು.

ಭೂತಗನ್ನಡಿ ತೆಗೆದುಕೊಂಡು ಹೋದೆ. ಕಪ್ಪಗಿದ್ದ ಕಡೆ ನಾಲ್ಕು ಬೆರಳ ಗೆಣ್ಣು ಕಂಡವು. ಕಿರುಬೆರಳು ಹೊರಗಡೆಗೆ ಸೊಟ್ಟ, ಲಂಗರಿನ ಸರಪಳಿಗೆ ಸಿಕ್ಕಿ ಮುರಿದದ್ದು, ಅಮ್ಮ ಕಡ್ಡಿ ಕಟ್ಟಿ ಕೂಡಿಸಿದ್ದು. ಆ ಬೆರಳನ್ನು ಹಿಡಿದುಕೊಂಡೇ ನಾನು ನಡೆಯಲು ಕಲಿತದ್ದು. ಮಿಸ್ ಟ್ರೆಂಟ್ ಕೈಗೆ ಕನ್ನಡಿ ಕೊಟ್ಟು ‘ನೋಡಮ್ಮ’ ಎಂದೆ. ಅವಳು ನೋಡಿದಳು. ಅವಳಿಗೂ ಕಂಡಿತು, ಅದಕ್ಕೆ ನಾನೇ ಸಾಕ್ಷಿ. ಮುಖ ಬಿಳಿಚಿಕೊಂಡಿತು. ಮಲಗಿಸಿದ ಕತೆ ಹೇಳಿದೆ, ಕಣ್ಣು ಮುಚ್ಚಿದ್ದು ಹೇಳಿದೆ. ಅತ್ತಳು ಕೂಡ. ನಾನು ಕರವಸ್ತ್ರ ಕೊಟ್ಟೆ. ಇನ್ನೇನು ಗೋಡೆ ಬದಲಾಯಿತು ಎಂದುಕೊಂಡೆ.

ಮೂಗು ಒರೆಸಿಕೊಂಡು ಏನೆಂದಳು ಗೊತ್ತೇ? ‘ಇದು ಎಷ್ಟು ನೋವಿನ ವಿಷ್ಯ ಅಂತ ನಂಗೆ ಅರ್ಥ ಆಗತ್ತೆ. ಆದ್ರೆ ಗೋಡೆ ಅಚ್ಚಾಗಿ ಬಂದ್ಬಿಟ್ಟಿದೆ. ಮಕ್ಕಳಿಗೆ ಕಿತ್ತಳೆ ಟೋಪಿ ಮಾಡ್ಸಿದೀವಿ. ಮುಂದಿನ ವರ್ಷ ಒಳಗಿನ ಕೋಣೇಲಿ ಒಂದ್ ಚಿಕ್ಕ ಫಲಕ ಹಾಕ್ಸೋಣ. ಹಬ್ಬದ ದಿನ ಬೇಡ ಮಿಸ್ ಕ್ಲಿಯೋಟಾ. ಜನ ಇಲ್ಲಿಗೆ ಖುಷಿಯಾಗಿರೋಕೆ ಬರ್ತಾರೆ.’

ಅದೇ ಮಾತು ಅಕ್ಕಾ. ಲಾಫ್ಟನ್ ಸತ್ತು ಯಾವ ಕಾಲವಾಯಿತು, ಅವನ ಮಾತು ಈ ಹುಡುಗಿಯ ಬಾಯಲ್ಲಿ ಒಂದಕ್ಷರ ಸವೆಯದೆ ಕೂತಿದೆ. ಅವನು ಒರಟಾಗಿ ಹೇಳಿದ, ಇವಳು ಅತ್ತುಕೊಂಡು ಹೇಳಿದಳು. ನಾನು ‘ಸರಿಯಮ್ಮ’ ಎಂದು ಎದ್ದು ಬಂದೆ. ಅವಳಿಗೆ ಸಮಾಧಾನವಾಯಿತು.

ಶನಿವಾರ ನೀಲಿ ಟೋಪಿ ಹಾಕಿಕೊಂಡು ಹೋದೆ. ಮುಂದಿನ ಸಾಲು, ಕಾಗದದ ಲೋಟದಲ್ಲಿ ಕಿತ್ತಳೆ ರಸ. ನಾನು ಕುಡಿಯಲಿಲ್ಲ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಮಿಸ್ಟರ್ ಟ್ವಿಗ್ಸ್, ಅಪ್ಪನ ಜೊತೆ ದೋಣಿ ನಡೆಸಿದವರಲ್ಲಿ ಉಳಿದಿರುವುದು ಅವರೊಬ್ಬರೇ. ಟೇಪು ಕತ್ತರಿಸಿದರು, ಪರದೆ ಸರಿಯಿತು. ಗೋಡೆಯಿಂದ ಗೋಡೆಗೆ ಅಪ್ಪನ ದೋಣಿ. ಕಿತ್ತಳೆ ಕುಂಬಳಕಾಯಿಯಷ್ಟು ದೊಡ್ಡದು, ಸರಿಯಾಗಿ ನನ್ನ ಎದೆಯ ಎತ್ತರಕ್ಕೆ. ಮಿಸ್ ಟ್ರೆಂಟ್ ಮೈಕಿನಲ್ಲಿ ‘ನಮ್ಮ ಪ್ರೀತಿಯ ಅಂಚೆ ಅಜ್ಜಿ ಎರಡು ಮಾತು ಹೇಳ್ತಾರೆ’ ಎಂದಳು.

ನಾನು ಎದ್ದೆ. ಹಿಂದಿನ ದಿನವೇ ಇಂಕು ಹಾಕಿಟ್ಟಿದ್ದ ಇಂಕ್ ಪ್ಯಾಡನ್ನು ಕೈಚೀಲದಿಂದ ತೆಗೆದೆ. ಜನ ನಕ್ಕರು, ಮೊಹರು ಹಾಕಿ ತೋರಿಸುತ್ತಾಳೆ ಎಂದುಕೊಂಡು. ನಾನು ಅಂಗೈಯನ್ನು ಬೆರಳ ತುದಿಯವರೆಗೆ ಅದರಲ್ಲಿ ಒತ್ತಿ, ಗೋಡೆಯ ಹತ್ತಿರ ಹೋಗಿ, ಕಿತ್ತಳೆಯ ನಟ್ಟನಡುವೆ ಒತ್ತಿದೆ. ಮೈಯ ಭಾರವೆಲ್ಲ ಹಾಕಿ ಒತ್ತಿದೆ. ಕೈ ತೆಗೆದಾಗ ಐದೂ ಬೆರಳು ಮೂಡಿದ್ದವು.

ಭಾಷಣವನ್ನು ರಾತ್ರಿಯೆಲ್ಲ ಹೇಳಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ‘ಇದು ಹಣ್ಣಲ್ಲ. ಇದು ಎಲ್ಕಾನಾ ಸ್ಟೋಕ್ಸ್ ಕೈ. ನಿಮ್ಮೋರು ಅವರನ್ನ ಈ ಹುಡ್ಗೀರ ಕಾಲ್ಕೆಳಗೆ ಮಲಗ್ಸಿದ್ರು. ಅವರು ಕಣ್ಮುಚ್ಕೊಂಡು ದೋಣಿ ನಡ್ಸಿದ್ರು. ಈಗ ಕಣ್ಬಿಟ್ಕೊಂಡು ನೀವು ನೋಡಿ’ ಎಂದೆ. ಮೈಕಿನ ಅಗತ್ಯ ಬೀಳಲಿಲ್ಲ, ಅಪ್ಪನ ಗಂಟಲು ನನಗೂ ಬಂದಿದೆ.

ಕಿತ್ತಳೆ ಟೋಪಿಯ ಮಗುವೊಂದು ‘ಅಮ್ಮಾ, ಅಜ್ಜಿ ಗೋಡೆ ಗಲೀಜು ಮಾಡಿದ್ಲು’ ಎಂದಿತು. ಅಷ್ಟರಲ್ಲಿ ಗಾಲಿಕುರ್ಚಿಯಿಂದ ಒಂದು ಬಿರುಕು ದನಿ ಎದ್ದಿತು. ‘ಎಡಗಡೆ ಆಮೆ, ಬಲಗಡೆ ಮೀನು, ಮೇಲ್ಗಡೆ ನೀವು...’ ಮಿಸ್ಟರ್ ಟ್ವಿಗ್ಸ್‌ಗೆ ಅಲ್ಲಿಗೇ ಕೆಮ್ಮು ಹತ್ತಿತು. ಉಳಿದದ್ದನ್ನು ಹಿಂದಿನ ಸಾಲುಗಳಲ್ಲಿದ್ದ ನಮ್ಮ ಚರ್ಚಿನವರು ಕೂಗಿದರು. ಇಷ್ಟು ದಿನ ನನ್ನ ಚೀಲ ಎತ್ತಿಕೊಟ್ಟವರೇ ಎದ್ದು ನಿಂತು, ಚಾವಣಿ ಹಾರುವ ಹಾಗೆ ಕೂಗಿದರು. ನಾನು ಅಲ್ಲೇ ನಿಂತು ಅತ್ತೆ.

ಪೊಲೀಸಿನವನು ಬಂದ. ನಾನು ಕಿಟಕಿಯಲ್ಲಿದ್ದಾಗ ಅಂಚೆಚೀಟಿಗೆ ಬರುತ್ತಿದ್ದ ಹುಡುಗ, ಈಗ ಹೊಟ್ಟೆ ಬಂದಿದೆ. ‘ಮಿಸ್ ಕ್ಲಿಯೋಟಾ, ಮೊದ್ಲು ಕೈ ತೊಳ್ಕೊಳಿ, ಆಮೇಲೆ ಮಾತಾಡೋಣ’ ಎಂದ. ‘ತೊಳ್ಯಲ್ಲ’ ಎಂದೆ. ಹೆಸರು ಬರೆದುಕೊಂಡು ಮನೆಗೆ ಬಿಟ್ಟು ಹೋದ.

ಮಿಸ್ ಟ್ರೆಂಟ್ ಇವತ್ತು ಫೋನ್ ಮಾಡಿದ್ದಳು. ಬಹಳ ನೊಂದಿದ್ದಾಳಂತೆ. ಮುಂದಿನ ತಿಂಗಳು ಒರ್ಲ್ಯಾಂಡೋದಿಂದ ಒಬ್ಬನನ್ನು ಕರೆಸಿ ಗೋಡೆ ಒರೆಸಿಸುತ್ತಾಳಂತೆ, ಏನೂ ಆಗಿಲ್ಲದ ಹಾಗೆ. ಅಪ್ಪನನ್ನು ಎರಡನೇ ಸಲ ಅಳಿಸುತ್ತಾರೆ ಅಕ್ಕಾ. ನಾನೇನು ಮಾಡಲಿ?

ಕ್ಲಿಯೋ


ಡೆಟ್ರಾಯಿಟ್
30 ಮಾರ್ಚ್ 1996

ಕ್ಲಿಯೋ,

ನಿನ್ನ ಕಾಗದದ ಅಂಚಿನಲ್ಲಿ ನಿನ್ನ ಹೆಬ್ಬೆರಳಿನ ಇಂಕು ಹತ್ತಿದೆ. ಅದರ ಮೇಲೆ ನನ್ನ ಹೆಬ್ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಅಪ್ಪನ ಮೇಲಿದ್ದ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಅವರು ಮಲಗಿದ್ದಕ್ಕೇ ಬದುಕಿದರು, ಬದುಕಿದ್ದಕ್ಕೇ ನನ್ನ ಕೋಟು ಹಾಕಿಕೊಂಡು ಬೆವರಿದರು. ಉಳಿದ ಸಿಟ್ಟೆಲ್ಲ ಗಂಟು ಕಟ್ಟಿ ತರುತ್ತಿದ್ದೇನೆ. ಬುಧವಾರದ ಬಸ್ಸು. ಕಾಲು ಹಿಡಿದುಕೊಂಡಿದ್ದರೆ ಹಿಡಿದುಕೊಂಡಿರಲಿ. ಮಗನೂ ಬರುತ್ತಾನೆ, ಮೊಮ್ಮಕ್ಕಳೂ ಬರುತ್ತಾರೆ, ಚಿಕ್ಕವಳಿಗೆ ಅಪ್ಪನದೇ ಉದ್ದ ಬೆರಳು.

ಗವಸು ತರುವುದಿಲ್ಲ. ಇಂಕ್ ಪ್ಯಾಡಿಗೆ ಇಂಕು ಹಾಕಿಸಿಡು.

ಒರ್ಲ್ಯಾಂಡೋದವನು ಬಂದು ಒರೆಸಲಿ ಬಿಡು. ಎಷ್ಟು ಸಲ ಒರೆಸುತ್ತಾನೋ ಒರೆಸಲಿ. ನಮ್ಮ ಮನೆಯಲ್ಲಿ ಕೈಗಳಿಗೇನು ಬರ?

ಅಕ್ಕ